‘ಶೇ 99 ನಿವಾರಣೆ’ ಎಂಬ ಸುದ್ದಿಗೆ ಕೇಳಬೇಕಾದ ಪ್ರಶ್ನೆಗಳು

ಮಾನ್ಯ ಸಂಪಾದಕರೆ,

ಕುಡಿಯುವ ನೀರಿನಲ್ಲಿರುವ ಪೀಡೆನಾಶಕವನ್ನು ಶೇ 99ರಷ್ಟು ಹೀರಿ ತೆಗೆಯುವ ಹೊಸ ವಸ್ತು ಸಿದ್ಧವಾಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಒಮ್ಮೆ ಭತ್ತದ ಹೊಟ್ಟಿನ ಇದ್ದಿಲು, ಇನ್ನೊಮ್ಮೆ ಹಣ್ಣಿನ ಸಿಪ್ಪೆ, ಮತ್ತೊಮ್ಮೆ ಗ್ರಾಫೀನ್ ಎಂಬ ಇಂಗಾಲದ ತೆಳುಹಾಳೆ. ಸುದ್ದಿ ಸುಳ್ಳಿರಲಾರದು. ಪ್ರಯೋಗಾಲಯದ ಸೀಸೆಯಲ್ಲಿ ಅಷ್ಟು ತೆಗೆದಿರುತ್ತಾರೆ. ಆದರೆ ಎಷ್ಟು ನೀರಿಗೆ ಎಷ್ಟು ಪುಡಿ ಹಾಕಿದರು, ಮೊದಲು ನೀರಿನಲ್ಲಿ ಎಷ್ಟಿತ್ತು, ಯಾವ ಪೀಡೆನಾಶಕ, ಎಷ್ಟು ಹೊತ್ತು ಬಿಟ್ಟರು, ನೀರು ಎಂಥದ್ದು ಎಂಬುದನ್ನು ಹೇಳದೆ ಬರಿಯ ಶೇಕಡಾವಾರು ಕೊಟ್ಟರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ನೀರು ಶುದ್ಧೀಕರಣದ ಕೆಲಸದಲ್ಲಿರುವ ನಾವು ಈ ಐದು ಪ್ರಶ್ನೆಗಳ ಹಿಂದಿನ ಲೆಕ್ಕವನ್ನು ಓದುಗರ ಮುಂದೆ ಇಡಬಯಸುತ್ತೇವೆ.

ಮೊದಲು ಪ್ರಮಾಣದ ಲೆಕ್ಕ. 50 ಮಿಲಿಲೀಟರ್ ನೀರಿಗೆ 1 ಗ್ರಾಂ ಪುಡಿ ಹಾಕಿ ಅಲುಗಾಡಿಸುವುದು ಪ್ರಯೋಗಾಲಯಗಳಲ್ಲಿ ಮಾಮೂಲು. ಅಂದರೆ ಲೀಟರಿಗೆ 20 ಗ್ರಾಂ. ಅದೇ ಪ್ರಮಾಣದಲ್ಲಿ 20 ಲೀಟರಿನ ಒಂದು ಕ್ಯಾನ್ ಶುದ್ಧ ಮಾಡಲು 400 ಗ್ರಾಂ ಪುಡಿ ಬೇಕು, ಅದೂ ದಿನಾ ಹೊಸದು. ನೀರು ಸರಬರಾಜು ಘಟಕಗಳಲ್ಲಿ ಪುಡಿ ಕಾರ್ಬನ್ (ಆಕ್ಟಿವೇಟೆಡ್ ಕಾರ್ಬನ್ ಎಂಬ ವಿಶೇಷ ಇದ್ದಿಲಿನ ಪುಡಿ) ಬಳಸುವುದು ಲೀಟರಿಗೆ ಸಾಮಾನ್ಯವಾಗಿ 5ರಿಂದ 50 ಮಿಲಿಗ್ರಾಂ. ಎರಡಕ್ಕೂ ನಡುವೆ ನೂರಾರು, ಸಾವಿರಾರು ಪಟ್ಟು ಅಂತರ. ಲೀಟರಿಗೆ 20 ಗ್ರಾಂ ಹಾಕಿದರೆ ಏನನ್ನೇ ಆಗಲಿ ತೆಗೆಯಬಹುದು. ನೀರಿಗಿಂತ ಕೆಸರೇ ಜಾಸ್ತಿಯಾಗುತ್ತದೆ, ಅಷ್ಟೆ.

ಎರಡನೆಯದು ಸಾಂದ್ರತೆ, ಎಲ್ಲರೂ ಎಡವುವುದು ಇಲ್ಲಿಯೇ. ಪ್ರಯೋಗದಲ್ಲಿ ಲೀಟರಿಗೆ 10 ಅಥವಾ 50 ಮಿಲಿಗ್ರಾಂ ಪೀಡೆನಾಶಕ ಬೆರೆಸಿರುತ್ತಾರೆ, ಏಕೆಂದರೆ ಅಷ್ಟಿದ್ದರೆ ಸಾಧಾರಣ ಉಪಕರಣದಲ್ಲೂ ಅಳೆಯಬಹುದು. ಬಾವಿ, ಕೆರೆ, ನದಿಗಳ ನೀರಿನಲ್ಲಿ ಸಿಗುವುದು ಲೀಟರಿಗೆ ಒಂದೆರಡು ಮೈಕ್ರೋಗ್ರಾಂ, ಹಲವು ಸಲ ಅದಕ್ಕೂ ಕಡಿಮೆ. ಐರೋಪ್ಯ ಒಕ್ಕೂಟದ ಮಿತಿ ಒಂದೊಂದು ಪೀಡೆನಾಶಕಕ್ಕೆ ಲೀಟರಿಗೆ 0.1 ಮೈಕ್ರೋಗ್ರಾಂ, ಎಲ್ಲ ಸೇರಿ 0.5. ಒಂದು ಕೋಟಿ ಲೀಟರ್ ನೀರಿನಲ್ಲಿ ಒಂದು ಗ್ರಾಂ ಕರಗಿಸಿದರೆ 0.1 ಆಗುತ್ತದೆ. (ಇದು ವಿಷದ ಲೆಕ್ಕದಿಂದ ಬಂದ ಅಂಕಿಯಲ್ಲ, ನೀರಿನಲ್ಲಿ ಪೀಡೆನಾಶಕ ಇರಲೇಬಾರದು ಎಂಬ ನಿಲುವಿನಿಂದ 1980ರ ನಿರ್ದೇಶನದಲ್ಲಿ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ರಾಸಾಯನಿಕದ ವಿಷಗುಣ ನೋಡಿ ಬೇರೆ ಬೇರೆ ಮಿತಿ ಕೊಡುತ್ತದೆ: ಲಿಂಡೇನ್‌ಗೆ 2, ಕ್ಲೋರ್‌ಪೈರಿಫಾಸ್‌ಗೆ 30, 2,4-ಡಿಗೆ 30 ಮೈಕ್ರೋಗ್ರಾಂ. ಎರಡನ್ನೂ ಕಲಸಿ ಗಾಬರಿ ಹುಟ್ಟಿಸುವುದೂ ತಪ್ಪು, ಸಮಾಧಾನ ಹೇಳುವುದೂ ತಪ್ಪು.)

ನೀರಿನಲ್ಲಿ ಕಡಿಮೆ ಇದ್ದರೆ ತೆಗೆಯುವುದು ಸುಲಭ ಎಂದು ತೋರಬಹುದು. ಆಗುವುದು ತಿರುಗುಮುರುಗು. ಒಂದು ಗ್ರಾಂ ಕಾರ್ಬನ್ ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದು ಸುತ್ತಲಿನ ನೀರಿನಲ್ಲಿ ಉಳಿದಿರುವ ಸಾಂದ್ರತೆಯನ್ನು ಅವಲಂಬಿಸಿದೆ. ಈ ಸಂಬಂಧವನ್ನು ಹೇಳುವ ಫ್ರಾಯ್ಂಡ್ಲಿಕ್ ಸೂತ್ರದಲ್ಲಿ ಸಾಂದ್ರತೆಯ ಘಾತಾಂಕ 0.5 ಎಂದಿಟ್ಟುಕೊಳ್ಳಿ. ಉಳಿದ ಸಾಂದ್ರತೆ 10 ಮಿಲಿಗ್ರಾಂನಿಂದ 1 ಮೈಕ್ರೋಗ್ರಾಂಗೆ, ಅಂದರೆ ಹತ್ತು ಸಾವಿರ ಪಟ್ಟು ಇಳಿದರೆ, ಗ್ರಾಂ ಕಾರ್ಬನ್ನಿನ ಸಾಮರ್ಥ್ಯ ನೂರು ಪಟ್ಟು ಇಳಿಯುತ್ತದೆ. ಸೀಸೆಯಲ್ಲಿ ಗ್ರಾಂಗೆ 300 ಮಿಲಿಗ್ರಾಂ ಹಿಡಿಯಿತು ಎಂದು ಬರೆದ ವಸ್ತು ನಿಜವಾದ ನೀರಿನಲ್ಲಿ ಆ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ. ಹೆಚ್ಚಿನ ಸಾಂದ್ರತೆಯ ಪ್ರಯೋಗದಲ್ಲಿ ಇನ್ನೊಂದು ಮೋಸ ತನ್ನಷ್ಟಕ್ಕೇ ನಡೆಯುತ್ತದೆ. ಕ್ಲೋರ್‌ಪೈರಿಫಾಸ್ ನೀರಿನಲ್ಲಿ ಕರಗುವುದೇ ಲೀಟರಿಗೆ ಸುಮಾರು 1 ಮಿಲಿಗ್ರಾಂ. ಅಸಿಟೋನಿನಲ್ಲಿ ಕರಗಿಸಿ 50 ಮಿಲಿಗ್ರಾಂ ಸುರಿದರೆ ಬಹುಪಾಲು ಗಾಜಿನ ಗೋಡೆಗೆ ಅಂಟುತ್ತದೆ ಅಥವಾ ತಳಕ್ಕೆ ಇಳಿಯುತ್ತದೆ. ನೀರನ್ನು ಸೋಸಿ ಅಳೆದಾಗ ಅದು ಕಾಣುವುದಿಲ್ಲ, ಆದ್ದರಿಂದ ‘ನಿವಾರಣೆ’ಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಪುಡಿ ಹಾಕದ ಒಂದು ಸೀಸೆಯನ್ನೂ ಪಕ್ಕದಲ್ಲಿ ಅಷ್ಟೇ ಹೊತ್ತು ಅಲುಗಾಡಿಸಿ, ಸೋಸಿ, ಅಳೆದಿದ್ದಾರೆಯೇ ಎಂದು ನೋಡಿದರೆ ಸಾಕು, ಪ್ರಯೋಗದ ಗುಣ ಗೊತ್ತಾಗುತ್ತದೆ.

ಕಾರ್ಬನ್ ಹೀಗೆ ಹಿಡಿದುಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಅದೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಸ್ಪಂಜು ನೀರನ್ನು ಹೀರಿದಂತೆ ಇದು ಒಳಗೆಳೆದುಕೊಳ್ಳುವ ಕೆಲಸವಲ್ಲ. ಅಣುಗಳು ಘನವಸ್ತುವಿನ ಮೈಗೆ ಅಂಟಿ ಕೂರುತ್ತವೆ, ಹಾಗಾಗಿ ಮೈ ಎಷ್ಟು ಅಗಲ ಎಂಬುದೇ ಮುಖ್ಯ. ಆಕ್ಟಿವೇಟೆಡ್ ಕಾರ್ಬನ್ನಿನ ಒಂದು ಗ್ರಾಂನಲ್ಲಿ 500ರಿಂದ 1500 ಚದರ ಮೀಟರ್ ಒಳಮೈ ಇರುತ್ತದೆ. ಒಂದೂವರೆ ಟೀ ಚಮಚದಷ್ಟು, ಅಂದರೆ ನಾಲ್ಕು ಗ್ರಾಂ ಒಳ್ಳೆಯ ಕಾರ್ಬನ್ನಿನ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಹತ್ತಿರ ಹತ್ತಿರ ಒಂದು ಎಕರೆ. ಇದ್ದಿಲು ದ್ರಾವಣದ ಬಣ್ಣ ಎಳೆಯುತ್ತದೆ ಎಂಬುದನ್ನು ರಷ್ಯಾದ ರಸಾಯನಶಾಸ್ತ್ರಜ್ಞ ಲೋವಿಟ್ಸ್ 1785ರಲ್ಲಿಯೇ ಕಂಡಿದ್ದ. ಆದರೆ ಒಲೆಯ ಇದ್ದಿಲಿಗೂ ಇದಕ್ಕೂ ಅಜಗಜಾಂತರ. ಸುಟ್ಟು ಮಾಡಿದ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆಗೆ ಒಡ್ಡಿದಾಗ, ಇಲ್ಲವೇ ಕಚ್ಚಾವಸ್ತುವಿಗೇ ಫಾಸ್ಫಾರಿಕ್ ಆಮ್ಲ ಬೆರೆಸಿ ಇನ್ನೂ ಕಡಿಮೆ ಶಾಖದಲ್ಲಿ ಸುಟ್ಟಾಗ, ಒಳಗೆ ನ್ಯಾನೋಮೀಟರ್ ಅಳತೆಯ ರಂಧ್ರಗಳು ತೆರೆದುಕೊಳ್ಳುತ್ತವೆ. ಒಲೆಯ ಇದ್ದಿಲಿನಲ್ಲಿ ಆ ರಂಧ್ರಗಳಲ್ಲಿ ಹೆಚ್ಚಿನವು ಹುಟ್ಟಿರುವುದೇ ಇಲ್ಲ, ಹುಟ್ಟಿದ್ದರೂ ಟಾರು ತುಂಬಿ ಮುಚ್ಚಿರುತ್ತವೆ. ಅದನ್ನು ಕುಟ್ಟಿ ಮಡಕೆಗೆ ತುಂಬಿ ನೀರು ಸೋಸಿದರೆ ಕಸ ಮತ್ತು ತುಸು ವಾಸನೆ ಹೋಗಬಹುದು. ಪೀಡೆನಾಶಕದ ವಿಷಯದಲ್ಲಿ ಅದನ್ನು ನಂಬಬಾರದು.

ಕಾರ್ಬನ್ ಕೊಳ್ಳುವವರು ಅಯೋಡಿನ್ ಸಂಖ್ಯೆಯೊಂದನ್ನೇ (ಒಂದು ಗ್ರಾಂ ಕಾರ್ಬನ್ ಎಷ್ಟು ಅಯೋಡಿನ್ ಹಿಡಿಯುತ್ತದೆ ಎಂಬ ಅಳತೆ) ಕೇಳುತ್ತಾರೆ. ಗ್ರಾಂಗೆ 900ರಿಂದ 1100 ಮಿಲಿಗ್ರಾಂ ಇದ್ದರೆ ಒಳ್ಳೆಯದೇ. ಆದರೆ ಅಯೋಡಿನ್ ಚಿಕ್ಕ ಅಣು, ಅದು ಹೋಗುವ ಕಿರಿದಾದ ರಂಧ್ರಕ್ಕೆ ದೊಡ್ಡ ಅಣು ನುಗ್ಗಲಾರದು. ತೆಂಗಿನ ಚಿಪ್ಪಿನ ಕಾರ್ಬನ್ನಿನಲ್ಲಿ 2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳೇ ಹೆಚ್ಚು. ಕಲ್ಲಿದ್ದಲಿನದರಲ್ಲಿ ಕಿರಿದು, ನಡುವಣದು ಎರಡೂ ಮಿಶ್ರವಾಗಿರುತ್ತವೆ. ಸಾವಯವ ಅಂಶ ಕಡಿಮೆ ಇರುವ ಬಾವಿ ನೀರಿಗೆ ಚಿಪ್ಪಿನದು ಸರಿಹೋಗುತ್ತದೆ; ಎಲೆ ಕೊಳೆತು ಕಂದು ಛಾಯೆ ಬಂದ ಕೆರೆ, ಹೊಳೆ ನೀರಿಗೆ ಕಲ್ಲಿದ್ದಲಿನದು ವಾಸಿ.

ಮೂರನೆಯ ಪ್ರಶ್ನೆ, ಯಾವ ಪೀಡೆನಾಶಕ? ಆಡುಮಾತಿನಲ್ಲಿ ನಾವು ಎಲ್ಲಕ್ಕೂ ‘ಔಷಧಿ ಹೊಡೆಯುವುದು’ ಎಂದುಬಿಡುತ್ತೇವೆ. ಕಾರ್ಬನ್ ಹಾಗೆ ಎಲ್ಲವನ್ನೂ ಒಂದೇ ಎಂದು ನೋಡುವುದಿಲ್ಲ. ನೀರನ್ನು ಕಂಡರಾಗದ, ಕೊಬ್ಬಿನಲ್ಲಿ ಕರಗುವ ಅಣುಗಳೆಂದರೆ ಅದಕ್ಕೆ ಇಷ್ಟ: ಡಿಡಿಟಿ, ಲಿಂಡೇನ್, ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್. ಅಟ್ರಜಿನ್ ಎಂಬ ಕಳೆನಾಶಕ ಲೀಟರಿಗೆ 33 ಮಿಲಿಗ್ರಾಂನಷ್ಟು ಕರಗುತ್ತದೆ, ಆದರೂ ಚೆನ್ನಾಗಿಯೇ ಅಂಟುತ್ತದೆ. ಅದು ಮಣ್ಣಿನಲ್ಲಿ ಒಡೆದು ಆಗುವ ಡೀಸೀಥೈಲ್ ಅಟ್ರಜಿನ್ ಹೆಚ್ಚು ಕರಗುವ ಅಣು, ಕಾರ್ಬನ್ನಿಗೆ ಅಷ್ಟು ಸಿಗುವುದಿಲ್ಲ. ಮೂಲ ವಿಷವೊಂದನ್ನೇ ಅಳೆದು ‘ನೀರು ಶುದ್ಧ’ ಎನ್ನುವ ವರದಿಗಳಲ್ಲಿ ಈ ಒಡಕುರೂಪಗಳು ಕಾಣೆಯಾಗಿರುತ್ತವೆ.

2,4-ಡಿಯ ಕತೆ ಇನ್ನೂ ಪಾಠ ಕಲಿಸುವಂಥದ್ದು. ಅದೊಂದು ಆಮ್ಲ. ಪಿಎಚ್ (ನೀರಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 2.8ರ ಸುಮಾರಿನಲ್ಲಿ ಅರ್ಧ ಅಣುಗಳು ಅಯಾನುಗಳಾಗುತ್ತವೆ. ಕುಡಿಯುವ ನೀರಿನ ಪಿಎಚ್ 7ರಲ್ಲಿ ಹತ್ತು ಸಾವಿರಕ್ಕೆ ಒಂದು ಅಣುವೂ ತಟಸ್ಥವಾಗಿ ಉಳಿಯುವುದಿಲ್ಲ, ಮಿಕ್ಕವೆಲ್ಲ ಋಣ ಅಯಾನುಗಳಾಗಿ ನೀರಿನ ಜೊತೆಗೇ ಇರಲು ಬಯಸುತ್ತವೆ. ಆದ್ದರಿಂದಲೇ 2,4-ಡಿ ಮೇಲಿನ ಪ್ರಯೋಗಗಳಲ್ಲಿ ಪಿಎಚ್ 2 ಅಥವಾ 3ಕ್ಕೆ ಇಳಿಸಿದಾಗ ಅದ್ಭುತ ಫಲಿತಾಂಶ ಬರುತ್ತದೆ. ಪಿಎಚ್ 2 ಎಂದರೆ ನಿಂಬೆ ರಸ. ಅಂಥ ನೀರನ್ನು ಯಾರೂ ಕುಡಿಯುವುದಿಲ್ಲ.

ಮೊನೊಕ್ರೊಟೊಫಾಸ್ ನೀರಿನಲ್ಲಿ ಸಲೀಸಾಗಿ ಬೆರೆಯುವ ವಿಷ, ಕಾರ್ಬನ್ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಶಂಖದ ಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಬ್ರಿಟನ್ನಿನ ನೀರು ಸರಬರಾಜಿನವರನ್ನು ವರ್ಷಗಟ್ಟಲೆ ಕಾಡಿತು. ದೊಡ್ಡ ದೊಡ್ಡ ಕಾರ್ಬನ್ ತೊಟ್ಟಿಗಳಿದ್ದರೂ ಅದು ನುಸುಳುತ್ತಿತ್ತು. ಕೊನೆಗೆ 2022ರ ಮಾರ್ಚ್ ಅಂತ್ಯದಿಂದ ಅಲ್ಲಿ ಅದರ ಹೊರಾಂಗಣ ಬಳಕೆಯೇ ನಿಂತಿತು. ವನ್ಯಜೀವಿಗಳಿಗೆ ಆಗುವ ಅಪಾಯ ಅದಕ್ಕೆ ಮುಖ್ಯ ಕಾರಣವಾಗಿತ್ತು.

ಗ್ಲೈಫೊಸೇಟ್ ಕೂಡ ಕಾರ್ಬನ್ನಿಗೆ ಒಗ್ಗುವುದಿಲ್ಲ. ಲೀಟರಿಗೆ 10 ಗ್ರಾಂಗೂ ಹೆಚ್ಚು ಕರಗುವ, ಮೈತುಂಬ ವಿದ್ಯುದಂಶ ಹೊತ್ತ ಅಣು ಅದು. ಅದಕ್ಕೆ ಬೇಕಾದದ್ದು ಕಬ್ಬಿಣ ಅಥವಾ ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಗ್ಲೈಫೊಸೇಟ್ ತನ್ನ ಫಾಸ್ಫೊನೇಟ್ ತುದಿಯಿಂದ ಆಕ್ಸೈಡಿಗೆ ಕಚ್ಚಿಕೊಳ್ಳುತ್ತದೆ. ಆದರೆ ನೀರಿನಲ್ಲಿ ಗೊಬ್ಬರದ ಫಾಸ್ಫೇಟ್ ಇದ್ದರೆ ಅದೂ ಅಲ್ಲೇ ಕಚ್ಚುತ್ತದೆ, ಗ್ಲೈಫೊಸೇಟಿಗೆ ಜಾಗ ಉಳಿಯುವುದಿಲ್ಲ. ಕಳೆನಾಶಕ ಬಂದ ಹೊಲದಿಂದಲೇ ಫಾಸ್ಫೇಟೂ ಬರುವುದರಿಂದ ಇದು ಅಪರೂಪದ ತೊಡಕಲ್ಲ. ಪ್ಯಾರಾಕ್ವಾಟ್ ಇದಕ್ಕೆ ವಿರುದ್ಧ. ಅದು ಧನ ಅಯಾನು. ಬೆಂಟೊನೈಟ್ ಜೇಡಿಯ ಹಾಳೆಗಳ ನಡುವೆ ಹೋಗಿ ಬಿಗಿಯಾಗಿ ಕೂರುತ್ತದೆ. ಪ್ಯಾರಾಕ್ವಾಟ್ ಕುಡಿದವರಿಗೆ ಮೊದಲ ಚಿಕಿತ್ಸೆಯಾಗಿ ಫುಲ್ಲರ್ಸ್ ಅರ್ಥ್ ಎಂಬ ಜೇಡಿಯನ್ನು ಕುಡಿಸುವುದರ ಹಿಂದಿನ ಗುಟ್ಟೂ ಇದೇ. ಇದೇ ಜೇಡಿಗೆ ಉದ್ದ ಸರಪಳಿಯ ಕ್ವಾಟರ್ನರಿ ಅಮೋನಿಯಂ ಲವಣ ಸೇರಿಸಿದರೆ ಅದರ ಗುಣವೇ ತಿರುಗಿ, ಎಣ್ಣೆ ಸ್ವಭಾವದ ಪೀಡೆನಾಶಕಗಳನ್ನು ಹಿಡಿಯತೊಡಗುತ್ತದೆ. ಎಲ್ಲ ರೋಗಕ್ಕೂ ಒಂದೇ ಮಾತ್ರೆ ಎನ್ನುವಂತೆ ಎಲ್ಲ ಪೀಡೆನಾಶಕಕ್ಕೂ ಒಂದೇ ಪುಡಿ ಎಂದು ಯಾರಾದರೂ ಹೇಳಿದರೆ ಈ ನಾಲ್ಕೈದು ಹೆಸರುಗಳನ್ನು ಅವರ ಮುಂದಿಡಬಹುದು.

ಇನ್ನು ನೀರಿನ ಗುಣ. ಬಟ್ಟಿ ಇಳಿಸಿದ ನೀರಿನಲ್ಲಿ ಕಾರ್ಬನ್ನಿಗೆ ಪೀಡೆನಾಶಕ ಬಿಟ್ಟರೆ ಬೇರೆ ಕೆಲಸವಿಲ್ಲ. ಹೊಳೆ, ಕೆರೆಗಳ ನೀರಿನಲ್ಲಿ ಎಲೆ, ಮಣ್ಣು, ಪಾಚಿಯಿಂದ ಬಂದ ಸಾವಯವ ಪದಾರ್ಥ ಕರಗಿರುತ್ತದೆ, ಲೀಟರಿಗೆ ಕೆಲವು ಮಿಲಿಗ್ರಾಂ. ದಿನಕ್ಕೆ 20 ಲೀಟರ್ ಸೋಸುವ ಫಿಲ್ಟರಿನ ವರ್ಷದ ಲೆಕ್ಕ ಹಾಕೋಣ. ನೀರಿನಲ್ಲಿ ಪೀಡೆನಾಶಕ 5 ಮೈಕ್ರೋಗ್ರಾಂ ಇದ್ದರೆ ವರ್ಷಕ್ಕೆ ಬರುವುದು 36.5 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ. ಕರಗಿದ ಸಾವಯವ ಇಂಗಾಲ 2 ಮಿಲಿಗ್ರಾಂ ಇದ್ದರೂ ವರ್ಷಕ್ಕೆ 14.6 ಗ್ರಾಂ. ಒಬ್ಬ ಪೀಡೆನಾಶಕನಿಗೆ ನಾನೂರು ಜನ ಪೈಪೋಟಿ. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಎಸೆದು ಜಾಗ ಹಿಡಿಯುವವರಂತೆ ಈ ಸಾವಯವ ಅಣುಗಳು ಬಂದು ಕೂರುತ್ತವೆ. ದೊಡ್ಡವು ರಂಧ್ರದ ಬಾಯಿಯಲ್ಲೇ ನಿಂತು ದಾರಿ ಮುಚ್ಚುತ್ತವೆ. ಕಾರ್ಬನ್ ಸೋಲುವುದು ಪೀಡೆನಾಶಕ ತುಂಬಿ ತುಳುಕಿದ್ದರಿಂದಲ್ಲ, ಈ ಗುಂಪಿನಿಂದ.

ಇದರ ಮುಂದಿನ ಹಂತ ಇನ್ನೂ ಕೆಟ್ಟದ್ದು. ಗಟ್ಟಿಯಾಗಿ ಅಂಟುವ ಅಣು ಬಂದಾಗ ಸಡಿಲವಾಗಿ ಕೂತಿದ್ದದ್ದು ಎದ್ದು ಹೋಗುತ್ತದೆ. ಒಳಬರುವ ನೀರಿನಲ್ಲಿ ಪೀಡೆನಾಶಕ ಇಳಿದಾಗಲೂ ಹಾಗೆಯೇ, ಹಿಂದೆ ಹಿಡಿದದ್ದು ಸ್ವಲ್ಪ ಸ್ವಲ್ಪ ವಾಪಸು ಬರುತ್ತದೆ. ಹೀಗಾಗಿ ಹಳೆಯ ಫಿಲ್ಟರಿನಿಂದ ಹೊರಬರುವ ನೀರಿನಲ್ಲಿ ಒಳಹೋಗುವ ನೀರಿಗಿಂತ ಹೆಚ್ಚು ಪೀಡೆನಾಶಕ ಇರುವ ದಿನಗಳೂ ಉಂಟು. ಬದಲಾಯಿಸದ ಫಿಲ್ಟರ್ ಕೆಲಸ ಮಾಡದಿದ್ದರೂ ಕೆಡುಕು ಮಾಡುವುದಿಲ್ಲ ಎಂಬ ನಂಬಿಕೆ ಇದೆಯಲ್ಲ, ಅದು ತಪ್ಪು.

ಸಮಯದ ಪ್ರಶ್ನೆಗೆ ಬರೋಣ. ಕಾರ್ಬನ್ ತುಂಬಿದ ಜಾಗದ ಗಾತ್ರವನ್ನು ಹರಿವಿನಿಂದ ಭಾಗಿಸಿದರೆ ನೀರು ಅಲ್ಲಿ ಕಳೆಯುವ ಸಮಯದ ಅಂದಾಜು ಸಿಗುತ್ತದೆ. ಇದಕ್ಕೆ ಖಾಲಿ ಹಾಸಿನ ಸಂಪರ್ಕ ಸಮಯ ಎನ್ನುತ್ತಾರೆ. ನೀರು ಶುದ್ಧೀಕರಣ ಘಟಕಗಳಲ್ಲಿ ಹರಳು ಕಾರ್ಬನ್ ತೊಟ್ಟಿಗೆ 10ರಿಂದ 20 ನಿಮಿಷ ಇಡುತ್ತಾರೆ. ನಲ್ಲಿಗೆ ಜೋಡಿಸುವ 10 ಇಂಚಿನ ಮಾಮೂಲಿ ಕಾರ್ಟ್ರಿಜ್‌ನಲ್ಲಿ ಕಾರ್ಬನ್ ಹಿಡಿಸುವುದು ಸುಮಾರು 0.6 ಲೀಟರ್. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಸಂಪರ್ಕ 18 ಸೆಕೆಂಡ್. ಕ್ಲೋರಿನ್ ವಾಸನೆ ಹೋಗಲು ಅದು ಸಾಕು. ಒರಟು ಹರಳಿನ ರಂಧ್ರಗಳ ಆಳಕ್ಕೆ ಪೀಡೆನಾಶಕದ ಅಣು ಇಳಿಯಲು ಸಾಲದು. ನುಣುಪು ಪುಡಿಯನ್ನು ಅದುಮಿ ಮಾಡಿದ ಕಾರ್ಬನ್ ಬ್ಲಾಕ್ ಇದಕ್ಕಿಂತ ವಾಸಿ, ಅಣು ಸಾಗಬೇಕಾದ ದೂರ ಅದರಲ್ಲಿ ಕಡಿಮೆ. ಕೊಳ್ಳುವಾಗ ಎನ್‌ಎಸ್‌ಎಫ್ ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಸಂಖ್ಯೆ ನೋಡಿ: ಎನ್‌ಎಸ್‌ಎಫ್ 42 ಎಂದಿದ್ದರೆ ಅದು ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ ಪ್ರಮಾಣಪತ್ರ. ಆರೋಗ್ಯಕ್ಕೆ ಸಂಬಂಧಿಸಿದ್ದು 53. ಅದರಲ್ಲೂ ಅಟ್ರಜಿನ್, ಲಿಂಡೇನ್ ಎಂದು ಹೆಸರು ಹಿಡಿದು, ಎಷ್ಟು ಲೀಟರಿಗೆ ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ.

ಚಿಕ್ಕ ಗುರುತ್ವ ಫಿಲ್ಟರ್ ಕಟ್ಟುವವರಿಗಾಗಿ ಒಂದು ಅಳತೆ ಕೊಡುತ್ತೇವೆ. ಗಂಟೆಗೆ 10 ಲೀಟರ್ ಹರಿವು, 15 ನಿಮಿಷದ ಸಂಪರ್ಕ ಬೇಕೆಂದರೆ ಕಾರ್ಬನ್ ಹಾಸು 2.5 ಲೀಟರ್ ಇರಬೇಕು, ತೂಕದಲ್ಲಿ ಸುಮಾರು 1.25 ಕಿಲೋ. 10 ಸೆಂಟಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಇದು 32 ಸೆಂಟಿಮೀಟರ್ ಎತ್ತರ ಬರುತ್ತದೆ. ಹರಳಿನ ಗಾತ್ರ 12×40 ಜಾಲರಿ, ಅಂದರೆ 0.4ರಿಂದ 1.7 ಮಿಲಿಮೀಟರ್. ತಳದಲ್ಲಿ ತೊಳೆದ ಸಣ್ಣ ಜಲ್ಲಿ ಎಂಟು ಸೆಂಟಿಮೀಟರ್, ದಪ್ಪನೆಯದು ಕೆಳಗೆ, ಸಣ್ಣದು ಮೇಲೆ. ಹಾಸಿನ ಮೇಲೆ ಅದರ ಅರ್ಧದಷ್ಟಾದರೂ ಜಾಗ ಖಾಲಿ ಬಿಡಬೇಕು, ಹಿಮ್ಮುಖವಾಗಿ ತೊಳೆಯುವಾಗ ಕಾರ್ಬನ್ ಉಬ್ಬಲು ಅದು ಬೇಕು.

ಹೊಸ ಕಾರ್ಬನ್ನನ್ನು ಒಣಗಿದ್ದಂತೆಯೇ ಸುರಿದರೆ ಅಲ್ಲಿಗೆ ಅರ್ಧ ಕೆಲಸ ಕೆಟ್ಟಂತೆ. ರಂಧ್ರಗಳ ತುಂಬ ಗಾಳಿ ಇರುತ್ತದೆ. ಬಕೆಟ್ಟಿನಲ್ಲಿ ನೀರು ಹಾಕಿ ನೆನೆಸಿದರೆ ಮೊದಲು ಸಣ್ಣಗೆ ಚುರುಗುಟ್ಟುವ ಸದ್ದು, ಆಮೇಲೆ ಗಂಟೆಗಟ್ಟಲೆ ಗುಳ್ಳೆ. ಪೂರ್ತಿ 24 ಗಂಟೆ ನೆನೆಯಲಿ. ಆಮೇಲೆ ಕೊಳವೆಗೆ ಮೊದಲು ಅರ್ಧ ನೀರು ತುಂಬಿ, ನೆನೆದ ಕಾರ್ಬನ್ನನ್ನು ನೀರಿನ ಸಮೇತ ಇಳಿಬಿಡಿ. ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡು ನೀರು ಅದನ್ನು ಬಳಸಿಕೊಂಡು ಒಂದೇ ಕಾಲುವೆ ಮಾಡಿ ಹರಿಯುತ್ತದೆ. 15 ನಿಮಿಷದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ನಂತರ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು, 32 ಸೆಂಟಿಮೀಟರಿನ ಹಾಸು 40ರವರೆಗೆ ಉಬ್ಬುವಂತೆ ನಿಧಾನ ಹರಿವಿನಲ್ಲಿ, ಮೇಲಿನ ನೀರು ಮಸಿ ಬಿಡುವುದು ನಿಲ್ಲುವ ತನಕ ತೊಳೆಯಬೇಕು. ಮೊದಲ 25 ಲೀಟರ್ ಸೋಸಿದ ನೀರನ್ನು ಚೆಲ್ಲಿ. ಕಾರ್ಬನ್ನಿನ ಬೂದಿಯಿಂದ ಅದರ ಪಿಎಚ್ ಏರಿರುತ್ತದೆ.

ಹೊರಹೋಗುವ ಕೊಳವೆಯನ್ನು ತಳದಿಂದ ನೇರ ಕೆಳಕ್ಕೆ ಬಿಡಬಾರದು. ಅದನ್ನು ಮೇಲಕ್ಕೆ ಬಗ್ಗಿಸಿ, ಹಾಸಿನ ನೆತ್ತಿಗಿಂತ ನಾಲ್ಕು ಬೆರಳು ಎತ್ತರಕ್ಕೆ ತಂದು, ಆ ಬಾಗಿನ ನೆತ್ತಿಯಲ್ಲಿ ಗಾಳಿಗೆ ಒಂದು ತೂತು ಬಿಟ್ಟು, ಅಲ್ಲಿಂದ ಇಳಿಸಬೇಕು. ಹೀಗೆ ಮಾಡಿದರೆ ಮೇಲಿನ ನೀರು ಮುಗಿದರೂ ಕಾರ್ಬನ್ ಬರಿದಾಗಿ ಗಾಳಿ ಎಳೆದುಕೊಳ್ಳುವುದಿಲ್ಲ. ಹರಿವನ್ನು ಹಿಡಿಯುವ ವಾಲ್ವ್ ಒಳಬರುವ ಕಡೆ ಅಲ್ಲ, ಹೊರಹೋಗುವ ಕಡೆ ಇರಲಿ. ಹರಿವು ಸರಿ ಇದೆಯೇ ನೋಡಲು ಮೀಟರ್ ಬೇಕಿಲ್ಲ. 200 ಮಿಲಿಲೀಟರಿನ ಲೋಟ ಹಿಡಿದರೆ ಅದು ತುಂಬಲು 72 ಸೆಕೆಂಡ್ ಹಿಡಿಯಬೇಕು. 30 ಸೆಕೆಂಡಿನಲ್ಲಿ ತುಂಬಿತೆಂದರೆ ವಾಲ್ವ್ ತಿರುಗಿಸಿ. ನೀರಿನಲ್ಲಿ ಕೆಸರಿದ್ದರೆ ಮೊದಲು ಮರಳಿನಲ್ಲಿ ಸೋಸಿ ಬಿಡಬೇಕು. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಅದನ್ನೂ ಮೊದಲೇ ತೆಗೆಯದಿದ್ದರೆ ತುಕ್ಕಿನ ಪದರ ಕಾರ್ಬನ್ನಿನ ಮೈಮೇಲೆ ಕೂರುತ್ತದೆ.

ಒಂದರ ಬದಲು ಎರಡು ಕೊಳವೆಗಳನ್ನು ಸಾಲಾಗಿ ಜೋಡಿಸುವುದು ನಮ್ಮ ಮಟ್ಟಿಗೆ ದುಂದಲ್ಲ. ಎರಡರ ನಡುವೆ ಒಂದು ಚಿಕ್ಕ ನಲ್ಲಿ ಇಟ್ಟು, ಅಲ್ಲಿಂದ ಮಾದರಿ ತೆಗೆದು ಪರೀಕ್ಷಿಸಿ. ಅಲ್ಲಿ ಪೀಡೆನಾಶಕ ಕಾಣಿಸಿಕೊಂಡ ದಿನವೂ ಕುಡಿಯುವ ನೀರು ಸುರಕ್ಷಿತವಾಗಿರುತ್ತದೆ, ಎರಡನೆಯದು ಕಾಯುತ್ತಿರುತ್ತದೆ. ಆಗ ಮೊದಲನೆಯದರ ಕಾರ್ಬನ್ ತೆಗೆದು, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಇಡಬೇಕು. ಒಂದೇ ಕೊಳವೆಯಲ್ಲಿ ಹೊರನೀರನ್ನು ಪರೀಕ್ಷಿಸಿದರೆ ಸುದ್ದಿ ಗೊತ್ತಾಗುವ ಹೊತ್ತಿಗೆ ಅದನ್ನು ಕುಡಿದಾಗಿರುತ್ತದೆ.

ದೊಡ್ಡ ಘಟಕಗಳಲ್ಲಿ ಪೀಡೆನಾಶಕ ಕೆಲವು ವಾರ ಮಾತ್ರ ಬರುತ್ತಿದ್ದರೆ ಪುಡಿ ಕಾರ್ಬನ್ ಹಾಕುವುದು ಲೇಸು. ಲೀಟರಿಗೆ 20 ಮಿಲಿಗ್ರಾಂ ಎಂದರೆ ಹತ್ತು ಲಕ್ಷ ಲೀಟರಿಗೆ 20 ಕಿಲೋ. ಪ್ರಮಾಣವನ್ನು ಅಂದಾಜಿನಲ್ಲಿ ಹಾಕಬಾರದು. ಒಂದು ಲೀಟರ್ ನೀರಿಗೆ 1 ಗ್ರಾಂ ಪುಡಿ ಕಲಸಿಟ್ಟುಕೊಂಡರೆ ಅದರ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಬಂದ ನೀರನ್ನೇ ಲೀಟರಿನಂತೆ ಆರು ಗಾಜಿನ ಜಾಡಿಗಳಿಗೆ ತುಂಬಿ 0, 5, 10, 20, 30, 50 ಮಿಲಿಲೀಟರ್ ಹಾಕಿ, ಒಂದು ಗಂಟೆ ಕಲಕಿ, ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸಿ ಅಳೆಯಬೇಕು. ನೈಲಾನ್ ಫಿಲ್ಟರ್ ಬೇಡ, ಅದೇ ಪೀಡೆನಾಶಕವನ್ನು ಎಳೆದುಕೊಂಡು ಲೆಕ್ಕ ಕೆಡಿಸೀತು. ಶೂನ್ಯದ ಜಾಡಿಯನ್ನು ಬಿಡಲೇಬಾರದು. ಘಟಕದಲ್ಲಿ ಪುಡಿಯನ್ನು ಆಲಂ (ಕೆಸರನ್ನು ಗರಣೆಗಟ್ಟಿಸುವ ಪಟಿಕ) ಸೇರುವುದಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಹಾಕಬೇಕು. ಆಲಂ ಜೊತೆಗೇ ಹಾಕಿದರೆ ಅದು ಗರಣೆಯೊಳಗೆ ಸಿಕ್ಕಿಕೊಂಡು ನಿಷ್ಪ್ರಯೋಜಕವಾಗುತ್ತದೆ.

ಕ್ಲೋರಿನ್ನಿನ ಸರದಿ ಕಾರ್ಬನ್ ಆದಮೇಲೆ. ಇದಕ್ಕೆ ಎರಡು ಕಾರಣ. ಕ್ಲೋರಿನ್ ಕಾರ್ಬನ್ನಿನ ಜೊತೆ ವರ್ತಿಸಿ ಎರಡೂ ಹಾಳಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಕ್ಲೋರಿನ್ ತಗುಲಿದ ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್‌ಗಳಲ್ಲಿ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಆಕ್ಸಾನ್ ಎಂಬ ರೂಪ ಆಗುತ್ತದೆ. ನರಗಳಿಗೆ ಮೂಲಕ್ಕಿಂತ ಅದೇ ಹೆಚ್ಚು ವಿಷ. ಮೂಲರೂಪ ಕಡಿಮೆಯಾದದ್ದನ್ನು ಕಂಡು ಕ್ಲೋರಿನ್ ಪೀಡೆನಾಶಕವನ್ನು ನಾಶಮಾಡಿತು ಎಂದು ಬರೆಯುವುದು ಸರಿಯಲ್ಲ. ಕಾರ್ಬನ್ ದಾಟಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಹಾಸಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ಸೋಂಕು ನಿವಾರಣೆ ಕಡೆಯ ಹಂತವಾಗಿ ಇರಲೇಬೇಕು. ನಾಲ್ಕು ದಿನ ಬಳಸದೆ ಬಿಟ್ಟ ಫಿಲ್ಟರಿನ ಮೊದಲ ಏಳೆಂಟು ಲೀಟರ್ ನೀರನ್ನು ಚೆಲ್ಲಿಬಿಡಿ.

ಕೆಲಸಗಾರರ ಮಟ್ಟಿಗೆ ಒಂದು ಎಚ್ಚರಿಕೆ: ಒದ್ದೆಯಾದ ಕಾರ್ಬನ್ ಮುಚ್ಚಿದ ತೊಟ್ಟಿಯೊಳಗಿನ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ನೀರು ಇಳಿಸಿದ ತೊಟ್ಟಿಗೆ ಆಮ್ಲಜನಕ ಅಳೆಯದೆ, ಗಾಳಿಯಾಡಿಸದೆ ಇಳಿದವರು ಉಸಿರುಗಟ್ಟಿ ಸಾಯಬಹುದು. ಪುಡಿಯ ಚೀಲಗಳನ್ನು ಬ್ಲೀಚಿಂಗ್ ಪುಡಿ, ಪರ್ಮಾಂಗನೇಟಿನ ಪಕ್ಕ ಜೋಡಿಸಿಟ್ಟರೆ ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ.

ಟಿಡಿಎಸ್ ಮೀಟರ್ ಅದ್ದಿ ‘ಪೀಡೆನಾಶಕ ಇಲ್ಲ’ ಎಂದು ತೋರಿಸುವವರ ಮಾತಿಗೆ ಬೆಲೆ ಕೊಡಬೇಡಿ. ಅದು ಲವಣದಿಂದ ಬರುವ ವಿದ್ಯುದ್ವಾಹಕತೆಯನ್ನು ಅಳೆಯುತ್ತದೆ. ಮೈಕ್ರೋಗ್ರಾಂ ಪೀಡೆನಾಶಕ ಅದಕ್ಕೆ ಕಾಣುವುದೇ ಇಲ್ಲ. ಮನೆಯ ಯುವಿ ದೀಪ ರೋಗಾಣು ಕೊಲ್ಲುವುದಕ್ಕೆ ಮಾತ್ರ. ಕುದಿಸಿದರೆ ಆವಿಯಾಗದ ಪೀಡೆನಾಶಕ ಇದ್ದಲ್ಲೇ ಉಳಿದು, ನೀರು ಕಡಿಮೆಯಾದಷ್ಟೂ ದಟ್ಟವಾಗುತ್ತದೆ. ಆರ್‌ಒ ಪೊರೆ ಗ್ಲೈಫೊಸೇಟ್ ಸೇರಿ ಬಹುಪಾಲನ್ನು ತಡೆಯುತ್ತದೆ, ಆದರೆ ಅವೆಲ್ಲ ಹೊರಚೆಲ್ಲುವ ನೀರಿನಲ್ಲಿ ಇನ್ನೂ ದಟ್ಟವಾಗಿ ಇರುತ್ತವೆ ಎಂಬುದು ನೆನಪಿರಲಿ. ನಿಜವಾದ ಪರೀಕ್ಷೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಆಗಬೇಕು. ಮಾದರಿಯನ್ನು ಒಂದು ಲೀಟರಿನ ಕಂದು ಗಾಜಿನ ಬಾಟಲಿಯಲ್ಲಿ, ಟೆಫ್ಲಾನ್ ಒಳಪದರದ ಮುಚ್ಚಳ ಹಾಕಿ, ಕ್ಲೋರಿನ್ ಇದ್ದರೆ ಸೋಡಿಯಂ ಥಯೋಸಲ್ಫೇಟ್ ಸೇರಿಸಿ, 4 ಡಿಗ್ರಿಯಲ್ಲಿ ಒಯ್ಯಬೇಕು. ಮಾಮೂಲು ಪ್ಲಾಸ್ಟಿಕ್ ಬಾಟಲಿಯ ಗೋಡೆಯೇ ಡಿಡಿಟಿ, ಕ್ಲೋರ್‌ಪೈರಿಫಾಸ್‌ನಂಥವನ್ನು ಹೀರಿಕೊಳ್ಳುತ್ತದೆ. ಗ್ಲೈಫೊಸೇಟಿನದು ಮತ್ತೆ ಉಲ್ಟಾ, ಅದು ಗಾಜಿಗೆ ಅಂಟುವುದರಿಂದ ಅದಕ್ಕೆ ಪ್ಲಾಸ್ಟಿಕ್ಕೇ ಬೇಕು.

ಹೊಸ ವಸ್ತುವಿನ ಸುದ್ದಿ ಬಂದಾಗ ವರದಿಗಾರರು ಕೇಳುವುದನ್ನು ಮರೆಯುವ ಇನ್ನೊಂದು ಪ್ರಶ್ನೆ, ಬಳಸಿದ ಕಾರ್ಬನ್ ಎಲ್ಲಿಗೆ ಹೋಗುತ್ತದೆ? ಅಧಿಶೋಷಣೆ ವಿಷವನ್ನು ಕೊಲ್ಲುವುದಿಲ್ಲ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುತ್ತದೆ, ಅಷ್ಟೆ. ದೊಡ್ಡ ಘಟಕಗಳ ಹರಳು ಕಾರ್ಬನ್ನನ್ನು 800ರಿಂದ 900 ಡಿಗ್ರಿಯ ಕುಲುಮೆಯಲ್ಲಿ ಮತ್ತೆ ಚುರುಕುಗೊಳಿಸಬಹುದು. ಪ್ರತಿ ಸಲ ಶೇ 5ರಿಂದ 15ರಷ್ಟು ಕಾರ್ಬನ್ ಸುಟ್ಟು, ಸವೆದು ಹೋಗುತ್ತದೆ, ಅಷ್ಟನ್ನು ಹೊಸದಾಗಿ ಸೇರಿಸಬೇಕು. ಬಿಸಿಲಿಗೆ ಒಣಹಾಕುವುದರಿಂದ, ಬಿಸಿನೀರಿನಲ್ಲಿ ತೊಳೆಯುವುದರಿಂದ ಅದು ಹೊಸದಾಗುವುದಿಲ್ಲ. ಪುಡಿ ಕಾರ್ಬನ್ ಆಲಂ ಗಸಿಯ ಜೊತೆ ಸೇರಿಹೋಗುವುದರಿಂದ ಮರಳಿ ಸಿಗುವ ಮಾತೇ ಇಲ್ಲ. ಆ ಗಸಿಯನ್ನು ಹೊಳೆಗೆ ಬಿಟ್ಟರೆ ತೆಗೆದದ್ದನ್ನು ವಾಪಸು ಕೊಟ್ಟಂತೆ. ಮನೆಯ ಕಾರ್ಟ್ರಿಜ್‌ನಲ್ಲಿರುವ ಕಪ್ಪು ಹರಳನ್ನು ಹೂಕುಂಡಕ್ಕೆ ಸುರಿಯುವುದು, ಕಸದ ಜೊತೆ ಬಯಲಿನಲ್ಲಿ ಸುಡುವುದು ಎರಡೂ ಬೇಡ. ಕ್ಲೋರಿನ್ ಇರುವ ಪೀಡೆನಾಶಕ ಹೊತ್ತ ಕಾರ್ಬನ್ ಅರೆಬರೆ ಬೆಂದರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟಬಹುದು. ನೀರು ಬಸಿದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಏನಿದೆ ಎಂದು ಮೇಲೆ ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು.

ಇಂತಿ,
ನೀರು ಶುದ್ಧೀಕರಣ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಇಬ್ಬರು ಓದುಗರು